‘ಕುಮಾರಿ’ ಅನ್ನುವ ಟಿಕೀಟು

ಸಾಗರದ ಮಾರಿಕಾಂಬಾ ಜಾತ್ರೆಯ ಹಳೇ ಪೋಸ್ಟರುಗಳನ್ನು ಕಂಡವರಿಗೆ ಒಂದು ವಿಷಯ ನೆನಪಿರಬಹುದು. ನಾಟಕ ಕಂಪನಿಯದಿರಲಿ, ರಸಮಂಜರಿಯದಿರಲಿ, ಗಂಡಸರ ಹೆಸರಿಗೆ ಮೊದಲು ‘ಹಾಸ್ಯ ಚಕ್ರವರ್ತಿ’, ‘ಕಂಚಿನ ಕಂಠದ’ ಅಂತ ಏನಾದರೂ ಒಂದು ಬಿರುದು. ಹೆಂಗಸರ ಹೆಸರಿಗೆ ಮೊದಲು ಮಾತ್ರ ತಪ್ಪದೆ ‘ಕುಮಾರಿ’. ಜಾತ್ರೆ ಬರುವುದು ಮೂರು ವರ್ಷಕ್ಕೊಮ್ಮೆ. ಈ ಜಾತ್ರೆಗೂ ಕುಮಾರಿ, ಮುಂದಿನ ಜಾತ್ರೆಗೂ ಕುಮಾರಿ, ಅದರ ಮುಂದಿನದ್ದಕ್ಕೂ ಅದೇ ಕುಮಾರಿ! “ಪಾಪ, ಈ ಹುಡುಗಿಗೆ ಎಲ್ಲೂ ಜಾತಕ ಕೂಡಿ ಬರಲಿಲ್ಲವೇನೋ” ಅಂತ ನಮ್ಮಮ್ಮ ನಿಜವಾಗಿಯೂ ಮರುಗಿದ್ದುಂಟು.

ಜಾತಕ ಕೂಡಿ ಬಂದು, ಮದುವೆಯಾಗಿ, ಎರಡು ಮಕ್ಕಳೂ ಆಗಿ, ಆ ಮಕ್ಕಳು ಪರದೆಯ ಹಿಂದೆ ಟ್ರಂಕಿನ ಮೇಲೆ ಮಲಗಿರುತ್ತಿದ್ದವು ಅನ್ನುವುದು ಅಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಅಂತಲೇ ಆ ಮೂರು ಅಕ್ಷರ!

ನಮ್ಮ ದೊಡ್ಡಪ್ಪನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪತ್ರಿಕೆ ಅಂಗಡಿ ಇತ್ತು. ಅಂಗಡಿ ಅಂದರೆ ದೊಡ್ಡದೇನಲ್ಲ, ಒಂದು ಮರದ ಪೆಟ್ಟಿಗೆ, ಮೇಲೆ ತಗಡು, ಎದುರಿಗೆ ಎರಡು ಸಾಲು ತೆಂಗಿನ ಹಗ್ಗ. ಹಗ್ಗಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಸಿನಿಮಾ ಪತ್ರಿಕೆಗಳನ್ನು ಸಿಕ್ಕಿಸಿ ತೂಗು ಹಾಕುವುದು. ಬೇಸಿಗೆ ರಜೆಯಲ್ಲಿ ಅಲ್ಲಿ ಕೂರುವ ಕೆಲಸ ನನ್ನದು. ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಕಟ್ಟು ಬರುತ್ತಿತ್ತು. ಕಟ್ಟಿನ ದಾರ ಬಿಚ್ಚುವುದರೊಳಗೆ ಎಲ್.ಬಿ. ಕಾಲೇಜಿನ ಹುಡುಗರು, ಅಡಿಕೆ ಮಂಡಿಯ ಗುಮಾಸ್ತರು, ಹೊಸನಗರದ ಬಸ್ಸಿಗೆ ಕಾದವರು, ಎಲ್ಲರ ಕೈಯೂ ಮುಂದೆ! ದುಡ್ಡು ಕೊಟ್ಟು ಕೊಳ್ಳುವವರು ಹತ್ತು ಜನ, ನಿಂತಲ್ಲೇ ತಿರುವಿ ಹಾಕಿ ಹೋಗುವವರು ನಲವತ್ತು. ಎಲ್ಲರೂ ಮೊದಲು ತೆರೆಯುತ್ತಿದ್ದದ್ದು ಪ್ರಶ್ನೋತ್ತರದ ಪುಟವನ್ನೇ. ಆ ಪುಟದಲ್ಲಿ ಭದ್ರಾವತಿಯಿಂದ ಬೀದರಿನವರೆಗೆ ಇಡೀ ಕರ್ನಾಟಕ ಕೇಳುತ್ತಿದ್ದುದು ಒಂದೇ ಪ್ರಶ್ನೆ, “ಈ ನಟಿಗೆ ಮದುವೆ ಆಗಿದೆಯೆ?”

ನಟನ ಬಗ್ಗೆ ಆ ಪ್ರಶ್ನೆ ಬರುತ್ತಿರಲಿಲ್ಲ ಅಂತಲ್ಲ. ಬಂದರೆ ಅದು ಬರೀ ಕುತೂಹಲ. ನಟಿಯ ಬಗ್ಗೆ ಬಂದರೆ ಅದು ಲೆಕ್ಕಾಚಾರ.

1975ರ ಫೆಬ್ರವರಿ 27ರಂದು ವಿಷ್ಣುವರ್ಧನ್-ಭಾರತಿ ಮದುವೆಯಾಯಿತಲ್ಲ, ಆ ವಾರದ ಪತ್ರಿಕೆಗಳು ದೊಡ್ಡಪ್ಪನ ಅಂಗಡಿಯಲ್ಲಿ ಮಧ್ಯಾಹ್ನಕ್ಕೆ ಮೊದಲೇ ಖಾಲಿ. ಆವತ್ತು ಅಂಗಡಿ ಮುಂದೆ ನಿಂತವರು ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. “ಜೋಡಿ ಏನೋ ಚಂದ ಇದೆ ಬಿಡಿ. ಆದರೆ ಇನ್ನು ಭಾರತಿ ಪಿಕ್ಚರ್ ಮುಗೀತು.” ಯಾರೋ ಒಬ್ಬರಲ್ಲ, ಬಂದವರೆಲ್ಲ ಇದನ್ನೇ ಹೇಳಿದರು, ಹವಾಮಾನದ ಮಾತು ಆಡಿದ ಹಾಗೆ. “ಇನ್ನು ವಿಷ್ಣು ಪಿಕ್ಚರ್ ಮುಗೀತು” ಅಂತ ಮಾತ್ರ ಒಬ್ಬನೂ ಹೇಳಲಿಲ್ಲ! ಲೆಕ್ಕ ನೋಡಿದರೆ ಆಗ ವಿಷ್ಣು ‘ನಾಗರಹಾವು’ ಬಂದು ಇನ್ನೂ ಮೂರು ವರ್ಷ ತುಂಬದ ಹೊಸ ಹುಡುಗ. ಭಾರತಿಯೋ, ‘ಬಂಗಾರದ ಮನುಷ್ಯ’ದ ನಾಯಕಿ, ದಕ್ಷಿಣದ ಭಾಷೆಗಳಲ್ಲೆಲ್ಲ ಹೆಸರು ಮಾಡಿದ್ದ ತಾರೆ. ಆದರೂ ಆಮೇಲೆ ನಡೆದದ್ದು ಏನು? ವಿಷ್ಣು ಇನ್ನೂರು ಚಿತ್ರ ದಾಟಿದರು. ಭಾರತಿ ‘ಬಂಗಾರದ ಜಿಂಕೆ’ (1980) ಥರದ ಕೆಲವು ಚಿತ್ರಗಳಲ್ಲಿ ಕಾಣಿಸಿಕೊಂಡರು, ನಿಜ. ಆದರೆ ವರ್ಷಕ್ಕೆ ಅಷ್ಟೊಂದು ಚಿತ್ರ ಮಾಡುತ್ತಿದ್ದ ಆ ಹಳೇ ಓಟ ಮತ್ತೆ ಇರಲಿಲ್ಲ. ಅವರೇ ಬೇಡ ಅಂದುಕೊಂಡರೋ, ನಿರ್ಮಾಪಕರು ಬಾಗಿಲು ತಟ್ಟುವುದು ನಿಲ್ಲಿಸಿದರೋ, ಅದು ಅವರ ಮನೆಯ ವಿಷಯ. ನಾನು ಹೇಳುತ್ತಿರುವುದು ಬಸ್ ಸ್ಟ್ಯಾಂಡಿನ ವಿಷಯ. ಬಸ್ ಸ್ಟ್ಯಾಂಡು ಮದುವೆಯ ದಿನವೇ ತೀರ್ಪು ಬರೆದು ಮುಗಿಸಿತ್ತು.

ಅಣ್ಣಾವ್ರನ್ನೇ ತೆಗೆದುಕೊಳ್ಳಿ. ಪಾರ್ವತಮ್ಮನವರನ್ನು ಮದುವೆಯಾದದ್ದು 1953ರಲ್ಲಿ. ‘ಬೇಡರ ಕಣ್ಣಪ್ಪ’ ತೆರೆಗೆ ಬಂದದ್ದು 1954ರಲ್ಲಿ. ಅಂದರೆ ನಾಯಕನಟನಾಗಿ ಕನ್ನಡಿಗರ ಕಣ್ಣಿಗೆ ಬೀಳುವ ಮೊದಲೇ ಅವರು ಸಂಸಾರಸ್ಥ! 1975ರ ‘ತ್ರಿಮೂರ್ತಿ’ಯಿಂದ ಪಾರ್ವತಮ್ಮನವರೇ ನಿರ್ಮಾಪಕಿ. ಬೆಳ್ಳಿತೆರೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಂಡತಿಯ ಹೆಸರು ಬರುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಹತ್ತು ನಿಮಿಷ ಕಳೆದರೆ ಗಂಡ ನಾಯಕಿಯ ಜೊತೆ ಮರ ಸುತ್ತುತ್ತಾರೆ, ಅದಕ್ಕೂ ಜನ ಚಪ್ಪಾಳೆ ತಟ್ಟುತ್ತಾರೆ. 1976ರ ‘ಪ್ರೇಮದ ಕಾಣಿಕೆ’ಯಲ್ಲಿ ಅವರ ಕೈಗೂಸು ಪುನೀತನೇ ಪರದೆ ಮೇಲೆ ಬಂತು. ಯಾರ ರಸವೂ ಕೆಡಲಿಲ್ಲ. ರವಿಚಂದ್ರನ್ ಮದುವೆ 1986ರಲ್ಲಿ, ಕಾಲೇಜು ಹುಡುಗಿಯರ ನಿದ್ದೆ ಕೆಡಿಸಿದ ‘ಪ್ರೇಮಲೋಕ’ 1987ರಲ್ಲಿ! ಪುನೀತ್ ಮದುವೆ 1999ರಲ್ಲಿ, ‘ಅಪ್ಪು’ 2002ರಲ್ಲಿ. ಹೀಗೆ ಹೇಳುತ್ತಾ ಹೋದರೆ ಪಟ್ಟಿ ಮುಗಿಯುವುದಿಲ್ಲ. ಗಂಡಸಿನ ತಾಳಿ ಯಾರ ಕಣ್ಣಿಗೂ ಕಾಣುವುದಿಲ್ಲವಲ್ಲ, ಅದು ಅವನ ಕೊರಳಲ್ಲಿ ಇರುವುದೇ ಇಲ್ಲ.

“ಹಾಗಲ್ಲ ಮಾರಾಯರೆ, ನಾಯಕಿ ಅಂದಮೇಲೆ ಪ್ರೇಕ್ಷಕನಿಗೆ ಒಂದು ಕನಸು ಬೇಡವೆ? ಮದುವೆಯಾದವಳು ಅಂತ ಗೊತ್ತಿದ್ದರೆ ಕನಸು ಕಾಣುವುದು ಹೇಗೆ?” ಅಂತ ಕೇಳುವವರಿದ್ದಾರೆ. ಅಂಥವರು ನಮ್ಮ ಮಲೆನಾಡಿಗೆ ಬರಬೇಕು. ಮಂದಾರ್ತಿ, ಸಾಲಿಗ್ರಾಮದ ಮೇಳಗಳು ಘಟ್ಟ ಹತ್ತಿ ಬಂದಾಗ ಗದ್ದೆಯ ಬಯಲಿನಲ್ಲಿ ಕೂತು ಇಡೀ ರಾತ್ರಿ ದಮಯಂತಿಯನ್ನು ನೋಡಿದವರು ನಾವು. ಆ ದಮಯಂತಿಗೆ ಊರಿನಲ್ಲಿ ಹೆಂಡತಿ ಇದ್ದಳು, ನಾಲ್ಕು ಮಕ್ಕಳಿದ್ದರು. ಬೆಳಿಗ್ಗೆ ಬಣ್ಣ ತೊಳೆದು ಬೀಡಿ ಹಚ್ಚಿ ನಮ್ಮ ಮನೆಯ ಜಗುಲಿಯಲ್ಲೇ ಕಾಫಿ ಕುಡಿದು ಹೋಗುತ್ತಿದ್ದಳು, ಅಲ್ಲಲ್ಲ, ಹೋಗುತ್ತಿದ್ದರು! ಆದರೂ ಕಾಡಿನಲ್ಲಿ ನಳ ಬಿಟ್ಟು ಹೋದ ಪ್ರಸಂಗಕ್ಕೆ ನಮ್ಮ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಸುಳ್ಳಲ್ಲ, ಪಕ್ಕದ ಮನೆಯ ಹುಡುಗ ಬೆಳಗಿನ ಜಾವದವರೆಗೂ ರೆಪ್ಪೆ ಬಡಿಯದೆ ಕೂತದ್ದೂ ಸುಳ್ಳಲ್ಲ. ಕನಸಿಗೆ ಕುಮಾರಿಯ ಸರ್ಟಿಫಿಕೇಟು ಬೇಕು ಅನ್ನುವುದು ಗಲ್ಲಾಪೆಟ್ಟಿಗೆಯವರು ಕಟ್ಟಿದ ಕಥೆ.

<b>ತಾಳಿ ಒಳಗೆ, ‘ಕುಮಾರಿ’ ಹೊರಗೆ!</b>

ಇದೆಲ್ಲ ದೂರದ ತಾರೆಯರ ಮಾತಾಯಿತು. ಈಗ ನಮ್ಮ ಮನೆಯದೇ ಒಂದು ಮಾತು ಹೇಳುತ್ತೇನೆ.

ನನ್ನ ಚಿಕ್ಕಪ್ಪನ ಮಗಳೊಬ್ಬಳು ಹಾಡುತ್ತಿದ್ದಳು. ಬಟ್ಟೆಮಲ್ಲಪ್ಪದ ಕಡೆಯವಳು. ಭಜನೆ, ಆರತಿ ಹಾಡು, ರೇಡಿಯೋದಲ್ಲಿ ಬಂದ ಚಿತ್ರಗೀತೆ, ಯಾವುದನ್ನಾದರೂ ಒಂದು ಸಲ ಕೇಳಿದರೆ ಸಾಕು. ಎಸ್. ಜಾನಕಿಯವರ ಹಾಡುಗಳನ್ನು ಹಾಡಿದರೆ ತೋಟದಲ್ಲಿ ಕೊನೆ ಕೊಯ್ಯುವವರು ಕೆಲಸ ನಿಲ್ಲಿಸುತ್ತಿದ್ದರು. 1980ರ ದಶಕದ ಮಧ್ಯದಲ್ಲಿ ನಮ್ಮ ಸೀಮೆಯ ಒಂದು ರಸಮಂಜರಿ ತಂಡಕ್ಕೆ ಅವಳು ಸೇರಿದಳು. ತಂಡದ ಹೆಸರು ಬೇಡ ಬಿಡಿ, ಈಗ ಅದು ಇಲ್ಲ. ಒಂದು ಪ್ರೋಗ್ರಾಮಿಗೆ ಎಪ್ಪತ್ತೈದು ರೂಪಾಯಿ, ಊಟ, ವಾಪಸ್ಸು ಬರಲು ಮೆಟಡಾರ್ ವ್ಯಾನು. ಸಾಗರ, ಹೊಸನಗರ, ತೀರ್ಥಹಳ್ಳಿ, ಗಣಪತಿ ಹಬ್ಬ, ರಾಜ್ಯೋತ್ಸವ, ತೇರು... ವರ್ಷದಲ್ಲಿ ಮೂವತ್ತು ನಲವತ್ತು ಕಾರ್ಯಕ್ರಮ. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಅವಳಿಗೆ ಮದುವೆಯಾಯಿತು. ಹುಡುಗ ಪ್ರೈಮರಿ ಸ್ಕೂಲ್ ಮೇಷ್ಟ್ರು, ಸಂಗೀತ ಅಂದರೆ ಪ್ರಾಣ. ಹೆಂಡತಿ ಹಾಡುವುದು ಬಿಡಬಾರದು ಅಂತ ಅವನೇ ಹಟ ಹಿಡಿದವನು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ತಂಡದ ಮಾಲೀಕ ಮದುವೆಗೆ ಬಂದ, ಊಟ ಮಾಡಿದ, ಸ್ಟೀಲಿನ ಕೊಡಪಾನ ಮುಯ್ಯಿ ಕೊಟ್ಟ. ಮುಂದಿನ ವಾರ ರಿಹರ್ಸಲ್ಲಿಗೆ ಹೋದವಳಿಗೆ ಮೂರು ಷರತ್ತು ಹೇಳಿದ. ಪೋಸ್ಟರಿನಲ್ಲಿ ‘ಕುಮಾರಿ’ ಅಂತಲೇ ಹೋಗುತ್ತದೆ, ಬದಲಾಯಿಸುವುದಿಲ್ಲ. ಸ್ಟೇಜಿನ ಮೇಲೆ ತಾಳಿ ಕಾಣಬಾರದು, ರವಿಕೆಯೊಳಗೆ ಪಿನ್ನು ಹಾಕಿಕೊಳ್ಳಬೇಕು, ಕಾಲುಂಗುರ ತೆಗೆದಿಡಬೇಕು. ಗಂಡ ಬರುವುದಾದರೆ ಬರಲಿ, ಆದರೆ ಮುಂದಿನ ಸಾಲಿನಲ್ಲಿ ಕೂರಬಾರದು, ಗ್ರೀನ್ ರೂಮಿಗೂ ಬರಬಾರದು. “ನಾನೇನು ಕೆಟ್ಟವನಲ್ಲಮ್ಮ, ಪಬ್ಲಿಕ್ಕು ಹಾಗೆ” ಅಂದನಂತೆ. ಇದು ಕಾಗದದ ಮೇಲೆ ಬರೆದ ಕರಾರಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಬೇಡ ಅಂದರೆ ಮುಂದಿನ ಪ್ರೋಗ್ರಾಮಿಗೆ ವ್ಯಾನು ಮನೆ ಮುಂದೆ ನಿಲ್ಲುವುದಿಲ್ಲ, ಅಷ್ಟೇ.

ಅವಳು ಒಪ್ಪಿಕೊಂಡಳು. ಹಾಡಬೇಕಿತ್ತಲ್ಲ.

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಒಂದು ರಾತ್ರಿ ಕಾರ್ಯಕ್ರಮ. ನಾನೂ ಹೋಗಿದ್ದೆ. ತುಂಗೆಯ ಕಡೆಯಿಂದ ಬರುವ ಆ ಚಳಿ ಗೊತ್ತಿದ್ದವರಿಗೇ ಗೊತ್ತು. ರಸಮಂಜರಿಯಲ್ಲಿ ಚೀಟಿ ಕಳಿಸುವ ಪದ್ಧತಿ ನಿಮಗೆ ತಿಳಿದೇ ಇದೆ. ಬೇಕಾದ ಹಾಡು ಬರೆದು, ಕೆಳಗೆ ಹೆಸರು ಊರು ಬರೆದು ಸ್ಟೇಜಿಗೆ ದಾಟಿಸುವುದು. ಅವಳು ಎರಡು ಹಾಡು ಮುಗಿಸಿ ನೀರು ಕುಡಿಯುತ್ತಿದ್ದಾಗ ಅನೌನ್ಸರ್ ಒಂದು ಚೀಟಿ ಬಿಚ್ಚಿ ಮೈಕಿನಲ್ಲಿ ಓದಿದ, “ಗಾಯಕಿಗೆ ಮದುವೆ ಆಗಿದೆಯಾ ಅಂತ ಅಭಿಮಾನಿಯೊಬ್ಬರು ಕೇಳಿದ್ದಾರೆ! ಇನ್ನೂ ಇಲ್ಲಾ ಸ್ವಾಮೀ... ಪ್ರಯತ್ನ ಮಾಡಬಹುದು!” ಜನ ಹೋ ಅಂದರು. ಶಿಳ್ಳೆ. ಹನ್ನೆರಡನೇ ಸಾಲಿನಲ್ಲಿ ನನ್ನ ಪಕ್ಕ ಅವಳ ಗಂಡ ಕೂತಿದ್ದ, ಮಫ್ಲರ್ ಸುತ್ತಿಕೊಂಡು, ಮಡಿಲಲ್ಲಿ ಬಿಸಿನೀರಿನ ಫ್ಲಾಸ್ಕು ಇಟ್ಟುಕೊಂಡು. ಹೆಂಡತಿಯ ಗಂಟಲಿಗೆ ಅಂತ ತಂದ ಬಿಸಿನೀರು. ಅವನು ನಕ್ಕ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ನನಗೆ ಹೇಳಿದ, “ನಾನು ಇದ್ದೂ ಇಲ್ಲ ನೋಡು.”

ಹೇಗೋ ಏನೋ ಸುದ್ದಿ ಅವಳ ಅತ್ತೆಯ ಕಿವಿಗೆ ಬಿತ್ತು. ಆ ಮುದುಕಿ ಸೊಸೆ ಸ್ಟೇಜು ಹತ್ತುವುದಕ್ಕೆ ಅಡ್ಡಿ ಮಾಡಿದವರಲ್ಲ. ಆದರೆ ತಾಳಿಯ ಸಂಗತಿ ಕೇಳಿ ನಡುಗಿಹೋದರು. “ಗಂಡ ಗಟ್ಟಿಯಾಗಿ ಇಪ್ಪಕಾರೆ ತಾಳಿ ಹುಗ್ಸದು ಎಂತಕ್ಕೆ?” ಅಂತ ಒಂದೇ ಪ್ರಶ್ನೆ. ಗಂಡ ಬದುಕಿರುವಾಗ ತಾಳಿ ಯಾಕೆ ಮುಚ್ಚಿಡಬೇಕು? ಬೈಗುಳ ಅಲ್ಲ ಅದು, ಭಯ. ಅವರೇ ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡವರು. ಕೊರಳಿಂದ ತಾಳಿ ಹೋದ ಮೇಲೆ ಏನೇನು ಹೋಗುತ್ತದೆ ಅಂತ ಲೆಕ್ಕ ಇಟ್ಟವರು. ಇದ್ದ ತಾಳಿಯನ್ನು ಯಾರಾದರೂ ತಾವಾಗಿಯೇ ಅಡಗಿಸಿಡುತ್ತಾರೆ ಅನ್ನುವುದು ಅವರ ತಲೆಗೆ ಹೋಗಲೇ ಇಲ್ಲ.

ಆದರೂ ಇನ್ನೊಂದು ವರ್ಷ ಹಾಡಿದಳು. ಬಸುರಿಯಾಗಿ ಐದು ತಿಂಗಳಾದಾಗ ಸೆರಗಿನಲ್ಲಿ ಮುಚ್ಚಲಾಗಲಿಲ್ಲ. ವ್ಯಾನು ನಿಂತಿತು. ಮುಂದಿನ ಗಣಪತಿ ಹಬ್ಬದ ಪೋಸ್ಟರಿನಲ್ಲಿ ಬೇರೊಬ್ಬ ಕುಮಾರಿ. ಬಾಣಂತನ ಮುಗಿದ ಮೇಲೆ ಮೇಷ್ಟ್ರು ತಾವೇ ಹೋಗಿ ಮಾಲೀಕನನ್ನು ಕಂಡು ಬಂದರು. “ನೋಡೋಣ” ಅಂದನಂತೆ. ಆ ‘ನೋಡೋಣ’ಕ್ಕೆ ಈಗ ಹತ್ತಿರ ಹತ್ತಿರ ನಲವತ್ತು ವರ್ಷ.

<b>ಜಪಾನಿನಲ್ಲೂ ಒಂದು ಪತ್ರಿಕೆ, ಒಂದು ಪ್ರಶ್ನೆ</b>

ತೀರ್ಥಹಳ್ಳಿಯಲ್ಲಿ ಪಿಯುಸಿ ಓದುತ್ತಿರುವ ನನ್ನ ತಮ್ಮನ ಮೊಮ್ಮಗಳೊಬ್ಬಳಿದ್ದಾಳೆ. ಕೋಣೆಯ ತುಂಬಾ ಕೊರಿಯಾದ ಹುಡುಗರ ಪಟ. ಹಿಂದೆ ದೊಡ್ಡಪ್ಪನ ಹಗ್ಗದಲ್ಲಿ ತೂಗುತ್ತಿದ್ದವರು ಈಗ ಅವಳ ಮೊಬೈಲಿನಲ್ಲಿ ಕೂತಿದ್ದಾರೆ, ಊರು ಮಾತ್ರ ಬೇರೆ. ಅವಳು ಒಂದು ದಿನ ಹಳೇ ವೀಡಿಯೋ ಒಂದನ್ನು ತೋರಿಸಿದಳು. ಕೊರಿಯಾದ್ದಲ್ಲ, ಜಪಾನಿನದು. ಇಪ್ಪತ್ತು ವರ್ಷದ ಹುಡುಗಿ. ತಲೆ ಬೋಳಿಸಿಕೊಂಡಿದ್ದಾಳೆ. ಅಳುತ್ತಾ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಾ ಕ್ಷಮೆ ಕೇಳುತ್ತಿದ್ದಾಳೆ.

ಅವಳ ಹೆಸರು ಮಿನಾಮಿ ಮಿನೆಗಿಶಿ. ಟೋಕಿಯೋದ ಅಕಿಹಾಬಾರಾದಲ್ಲಿ 2005ರಲ್ಲಿ ಹುಟ್ಟಿದ ‘ಎ.ಕೆ.ಬಿ. 48’ ಅನ್ನುವ ಹುಡುಗಿಯರ ಹಾಡಿನ ತಂಡದ ಮೊದಲ ತಂಡದವಳು. 2013ರ ಜನವರಿ ಕೊನೆಯಲ್ಲಿ ಅಲ್ಲಿನ ಒಂದು ವಾರಪತ್ರಿಕೆ, ಹೌದು ಸ್ವಾಮೀ, ನಮ್ಮ ಜಾತಿಯದೇ ವಾರಪತ್ರಿಕೆ, ‘ಶೂಕಾನ್ ಬುನ್‌ಶುನ್’ ಅಂತ, ಅವಳು ಒಬ್ಬ ಹುಡುಗನ ಮನೆಯಲ್ಲಿ ರಾತ್ರಿ ಇದ್ದು ಬೆಳಿಗ್ಗೆ ಹೊರಬಂದಳು ಅಂತ ಫೋಟೋ ಸಮೇತ ಹಾಕಿತು. ಹುಡುಗನೂ ಒಂದು ಹಾಡಿನ ತಂಡದವನೇ. ಆ ಲೋಕದಲ್ಲಿ ಇಂಥ ಹುಡುಗಿಯರಿಗೆ ‘ಐಡಲ್’ ಅನ್ನುತ್ತಾರೆ, ಅಂದರೆ ವಿಗ್ರಹ. ವಿಗ್ರಹ ಪ್ರೀತಿ ಮಾಡುವಂತಿಲ್ಲ ಅಂತ ನಿಯಮ. ಪತ್ರಿಕೆ ಹೊರಬಂದ ದಿನವೇ ತಲೆ ಬೋಳು, ಅದೇ ದಿನ ವೀಡಿಯೋ. ತಂಡದಲ್ಲಿ ಅವಳನ್ನು ತರಬೇತಿಯ ಹುಡುಗಿಯರ ಸಾಲಿಗೆ ಇಳಿಸಿದರು. ಆ ಹುಡುಗ ಕೂದಲು ಬೋಳಿಸಿಕೊಂಡನೇ ಅಂತ ಮೊಮ್ಮಗಳನ್ನು ಕೇಳಿದೆ. “ಇಲ್ಲ ಅಜ್ಜ, ಅವನ್ಯಾಕೆ?” ಅಂದಳು.

ಮಿನೆಗಿಶಿ, ಯಾರೂ ಹೇಳಲಿಲ್ಲ, ನಾನೇ ನಿರ್ಧಾರ ಮಾಡಿದೆ ಅಂದಳು. ನನಗೆ ಹೊಟ್ಟೆಯಲ್ಲಿ ಸಂಕಟವಾದದ್ದು ಅದೇ ಮಾತಿಗೆ. ಯಾಕೆಂದರೆ ಆ ಮಾತನ್ನು ನಾವು ಮೊದಲೇ ಕೇಳಿದ್ದೇವೆ. ಕೆಂಪು ಸೀರೆಯ ಸೆರಗು ಹೊದ್ದ ನಮ್ಮ ಮಡಿ ಅಜ್ಜಿಯರೂ “ಯಾರೂ ಬಲವಂತ ಮಾಡಲಿಲ್ಲಪ್ಪ” ಅಂತಲೇ ಹೇಳುತ್ತಿದ್ದುದು.

ಬೋಳಿಸಿದ ಹೆಣ್ಣಿನ ತಲೆಯ ಅರ್ಥವನ್ನು ತೀರ್ಥಹಳ್ಳಿಯವರಿಗೆ ಜಪಾನಿನವರು ಬಂದು ಹೇಳಿಕೊಡಬೇಕಾಗಿಲ್ಲ. ಮೇಳಿಗೆಯ ಅನಂತಮೂರ್ತಿ ಕಥೆ ಬರೆದು, ಕೆಸಲೂರಿನ ಗಿರೀಶ ಕಾಸರವಳ್ಳಿ 1977ರಲ್ಲಿ ‘ಘಟಶ್ರಾದ್ಧ’ ಮಾಡಿ, ಸ್ವರ್ಣಕಮಲ ತಂದರು. ಎರಡೂ ಊರು ತೀರ್ಥಹಳ್ಳಿ ತಾಲ್ಲೂಕಿನವೇ. ಅಶ್ವತ್ಥಮರದ ಕೆಳಗೆ ತಲೆ ಬೋಳಿಸಿ ಕೂರಿಸಿದ ಯಮುನಕ್ಕನನ್ನು ನೋಡಿದ ಮೇಲೆ ಮೂರು ದಿನ ನನಗೆ ಊಟ ಸೇರಿರಲಿಲ್ಲ. ಮೊನ್ನೆ 2024ರಲ್ಲಿ ಆ ಚಿತ್ರವನ್ನು ಹೊಸದಾಗಿ ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ತೀರ್ಥಹಳ್ಳಿಯಲ್ಲೇ ಹುಟ್ಟಿದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1983ರಲ್ಲಿ ಪ್ರೇಮಾ ಕಾರಂತರ ಕೈಯಲ್ಲಿ ಸಿನಿಮಾ ಆಯಿತು, ಎಲ್.ವಿ. ಶಾರದಾ ಫಣಿಯಮ್ಮ. ಬಾಲ್ಯದಲ್ಲೇ ವಿಧವೆಯಾಗಿ ತಲೆ ಕೊಟ್ಟ ಆ ಮುದುಕಿ, ಮುಂದೊಂದು ದಿನ “ನಾನು ಕೂದಲು ತೆಗೆಸುವುದಿಲ್ಲ” ಅಂತ ಎದ್ದು ನಿಂತ ಹುಡುಗಿಯ ಪರವಾಗಿ ನಿಲ್ಲುತ್ತಾಳೆ. ಜಪಾನಿನ ಆ ಹುಡುಗಿಯ ಪಕ್ಕದಲ್ಲಿ ಒಬ್ಬ ಫಣಿಯಮ್ಮ ಇರಲಿಲ್ಲ.

ಇಂದಿರಾ ಅವರದೇ ಇನ್ನೊಂದು ಕಾದಂಬರಿ ‘ಗೆಜ್ಜೆಪೂಜೆ’. ಪುಟ್ಟಣ್ಣ ಕಣಗಾಲ್ ಅದನ್ನು 1969ರಲ್ಲಿ ತೆರೆಗೆ ತಂದರು. ಕಲ್ಪನಾ ಮಾಡಿದ ಚಂದ್ರಾಳನ್ನು ಮರೆತವರುಂಟೆ? ಓದಿ, ಮದುವೆಯಾಗಿ, ಎಲ್ಲರಂತೆ ಸಂಸಾರ ಮಾಡಬೇಕು ಅನ್ನುವ ಹುಡುಗಿ. ಕಾಲಿಗೆ ಗೆಜ್ಜೆ ಬಿದ್ದ ದಿನ ಆ ಬಾಗಿಲು ಮುಚ್ಚಿತು, ಕೊನೆಗೆ ಅವಳು ಸಾವನ್ನೇ ಆರಿಸಿಕೊಂಡಳು. ಗೆಜ್ಜೆಪೂಜೆ ಅಂದರೆ ಇನ್ನೇನು? ಇವಳು ಒಬ್ಬನ ಹೆಂಡತಿ ಆಗುವುದಿಲ್ಲ ಅಂತ ದೇವರ ಹೆಸರಿನಲ್ಲಿ ಊರಿಗೆ ಬರೆದುಕೊಟ್ಟ ಕರಾರು. ಅದನ್ನು ತಡೆಯಲು ಕರ್ನಾಟಕದಲ್ಲಿ 1982ರ ದೇವದಾಸಿ ನಿಷೇಧ ಕಾಯಿದೆಯೇ ಬೇಕಾಯಿತು. ಟೋಕಿಯೋದ ಕಂಪನಿಯವನೂ, ನಮ್ಮ ರಸಮಂಜರಿ ಮಾಲೀಕನೂ ದೇವರನ್ನು ಮಧ್ಯೆ ತರಲಿಲ್ಲ, ಅಷ್ಟೇ ವ್ಯತ್ಯಾಸ. ಅವರು ತಂದದ್ದು ‘ಪಬ್ಲಿಕ್ಕ’ನ್ನು. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಒಂದರಲ್ಲಿ ದೇಹವೇ ಹೋಗುತ್ತಿತ್ತು, ಇನ್ನೊಂದರಲ್ಲಿ ಬದುಕಿನ ಹತ್ತು ವರ್ಷ. ಆದರೆ ಬಳ್ಳಿ ಒಂದೇ.

ಜಪಾನು ಅಂದರೆ ನಮ್ಮ ಸೀಮೆಗೆ ತೀರಾ ಪರಕೀಯವೇನೂ ಅಲ್ಲ. ಹೆಗ್ಗೋಡಿನ ನೀನಾಸಂ ದಯದಿಂದ ಅಡಿಕೆ ಸುಲಿಯುವವರ ಬಾಯಲ್ಲೂ ಕುರೊಸಾವಾ ಹೆಸರು ಬಂದ ಊರು ನಮ್ಮದು. ಅದೇ ಕುರೊಸಾವಾ ಚಿತ್ರಗಳಲ್ಲೂ ಓಜು ಚಿತ್ರಗಳಲ್ಲೂ ಮಾಡಿದ ನಟಿ ಸೆಟ್ಸುಕೊ ಹಾರಾ. ಅವರಿಗೆ ಅಲ್ಲಿನವರು ಕೊಟ್ಟ ಬಿರುದು ‘ನಿತ್ಯ ಕನ್ಯೆ’! ನಮ್ಮ ಜಾತ್ರೆಯ ಕುಮಾರಿಗಿಂತ ಒಂದು ಮೆಟ್ಟಿಲು ಮೇಲೆ. ಆಕೆ ಮದುವೆಯಾಗಲೇ ಇಲ್ಲ. 1960ರ ದಶಕದ ಆರಂಭದಲ್ಲಿ, ನಲವತ್ತರ ಆಸುಪಾಸಿನಲ್ಲಿ, ಚಿತ್ರರಂಗ ಬಿಟ್ಟು ಕಾಮಾಕುರಾ ಊರಿನ ಮನೆ ಸೇರಿದವರು 2015ರಲ್ಲಿ ತೊಂಬತ್ತೈದನೇ ವಯಸ್ಸಿಗೆ ತೀರಿಕೊಳ್ಳುವವರೆಗೂ ಕ್ಯಾಮರಾ ಮುಂದೆ ಬರಲಿಲ್ಲ. ಸತ್ತ ಸುದ್ದಿ ಹೊರಬಿದ್ದದ್ದೂ ಎರಡು ತಿಂಗಳ ನಂತರ.

ಇನ್ನೊಬ್ಬಳು ಮೊಮೊಎ ಯಾಮಾಗುಚಿ. ಹದಿನಾಲ್ಕಕ್ಕೆ ಹಾಡಲು ಬಂದು, ಇಡೀ ಜಪಾನಿನ ಕಣ್ಮಣಿಯಾಗಿ, ತನ್ನ ಚಿತ್ರಗಳ ನಾಯಕ ತೊಮೊಕಾಜು ಮಿಉರಾನನ್ನೇ ಮೆಚ್ಚಿದಳು. 1980ರ ಅಕ್ಟೋಬರ್ 5ರಂದು ಟೋಕಿಯೋದ ಬುಡೋಕಾನ್‌ನಲ್ಲಿ ಕೊನೆಯ ಹಾಡು ಹಾಡಿ, ಬಿಳಿ ಮೈಕನ್ನು ವೇದಿಕೆಯ ನೆಲದ ಮೇಲೆ ಇಟ್ಟು ಒಳಗೆ ನಡೆದಳು. ನವೆಂಬರಿನಲ್ಲಿ ಮದುವೆ. ಆಗ ವಯಸ್ಸು ಇಪ್ಪತ್ತೊಂದು. ಮತ್ತೆ ವೇದಿಕೆ ಹತ್ತಲಿಲ್ಲ. ಗಂಡ ಮಾತ್ರ ನಟನೆ ಬಿಡಲಿಲ್ಲ. ಈ ಕಥೆ ಎಲ್ಲಿಯೋ ಕೇಳಿದ ಹಾಗಿದೆಯಲ್ಲ? ಜಪಾನಿನವರು ಆ ಬಿಳಿ ಮೈಕನ್ನು ಇವತ್ತಿಗೂ ಭಾವುಕರಾಗಿ ನೆನೆಯುತ್ತಾರಂತೆ. ಅವಳು ತಾನಾಗಿ ಇಷ್ಟಪಟ್ಟು ಹೋದಳು ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡರಲ್ಲಿ ಒಂದನ್ನು ಆರಿಸಿಕೋ ಅಂತ ಮಿಉರಾನನ್ನು ಕೇಳಿದವರು ಯಾರೂ ಇರಲಿಲ್ಲ.

ಗಂಡು ಐಡಲ್‌ಗಳಿಗೂ ಅಲ್ಲಿ ಕಟ್ಟುಪಾಡು ಇಲ್ಲದೆ ಇಲ್ಲ, ನಿಜ ಹೇಳಬೇಕು. ‘ಸ್ಮ್ಯಾಪ್’ ಅಂತ ಐವರ ತಂಡ ಇತ್ತು. 2000ದಲ್ಲಿ ಮದುವೆಯಾದ ತಾಕುಯಾ ಕಿಮುರಾ ಒಬ್ಬನನ್ನು ಬಿಟ್ಟರೆ, 2016ರಲ್ಲಿ ತಂಡ ಒಡೆಯುವವರೆಗೂ ಉಳಿದವರೆಲ್ಲ ಬ್ರಹ್ಮಚಾರಿಗಳು. ಆದರೆ ಕಿಮುರಾನ ಬೇಡಿಕೆ ಮದುವೆಯ ನಂತರವೂ ಕುಗ್ಗಲಿಲ್ಲ, ಅವನು ಯಾರ ಮುಂದೆಯೂ ತಲೆ ಬೋಳಿಸಿಕೊಳ್ಳಲಿಲ್ಲ.

ಈ ವ್ಯಾಪಾರ ನಡೆಯುತ್ತಿದ್ದ ಬಗೆ ಕೇಳಿ. ಎ.ಕೆ.ಬಿ. ತಂಡ ಕಟ್ಟಿದ ಯಸುಶಿ ಅಕಿಮೊಟೊ ಅವರ ಉಪಾಯ, ‘ಹೋಗಿ ಭೇಟಿಯಾಗಬಹುದಾದ ಐಡಲ್’. ಅವರದೇ ಪುಟ್ಟ ಥಿಯೇಟರು, ಹಿಡಿಸುತ್ತಿದ್ದದ್ದು 250 ಜನ. ಹಾಡಿನ ಸಿ.ಡಿ. ಕೊಂಡರೆ ಒಳಗೆ ಒಂದು ಚೀಟಿ ಇರುತ್ತಿತ್ತು. ಆ ಚೀಟಿ ತೋರಿಸಿದರೆ ಹುಡುಗಿಯ ಕೈ ಕುಲುಕಬಹುದಿತ್ತು, ಕೆಲವೇ ಸೆಕೆಂಡು. ಇನ್ನೊಂದು ಬಗೆಯ ಚೀಟಿಯಲ್ಲಿ ಓಟು ಹಾಕಬಹುದಿತ್ತು, ಯಾವ ಹುಡುಗಿ ಮುಂದಿನ ಸಾಲಿಗೆ ಬರಬೇಕು ಅಂತ. ಹಾಗಾಗಿ ಒಬ್ಬೊಬ್ಬ ಅಭಿಮಾನಿ ಒಂದೇ ಸಿ.ಡಿ.ಯನ್ನು ಹತ್ತು, ಐವತ್ತು, ನೂರು ಕೊಳ್ಳುತ್ತಿದ್ದ. ಹಾಡು ಕೇಳಲು ಒಂದು ಸಾಕಲ್ಲ! ಉಳಿದದ್ದಕ್ಕೆ ಅವನು ಕೊಟ್ಟ ದುಡ್ಡು ಯಾತಕ್ಕೆ? ‘ಇನ್ನೂ ಇಲ್ಲಾ ಸ್ವಾಮೀ, ಪ್ರಯತ್ನ ಮಾಡಬಹುದು’ ಅನ್ನುವುದಕ್ಕೆ. ತೀರ್ಥಹಳ್ಳಿಯ ಅನೌನ್ಸರ್ ಮೈಕಿನಲ್ಲಿ ಪುಕ್ಕಟೆ ಕೊಟ್ಟದ್ದನ್ನೇ ಅವರು ಚೀಟಿ ಮಾಡಿ ಮಾರಿದರು.

2017ರ ಜೂನಿನಲ್ಲಿ ಆ ಓಟಿನ ಫಲಿತಾಂಶದ ಸಭೆ ಓಕಿನಾವಾದಲ್ಲಿ. ಇಪ್ಪತ್ತನೇ ಸ್ಥಾನ ಬಂದ ರಿರಿಕಾ ಸುತೊ ಅನ್ನುವ ಹುಡುಗಿ ಧನ್ಯವಾದ ಹೇಳಲು ಮೈಕು ಹಿಡಿದವಳು, ನಾನು ಮದುವೆಯಾಗುತ್ತಿದ್ದೇನೆ ಅಂದುಬಿಟ್ಟಳು! ನೆರೆದವರಿಗೆ ಸಿಡಿಲು ಬಡಿದ ಹಾಗೆ. ಓಟಿಗಾಗಿ ದುಡ್ಡು ಸುರಿದವರು ಮೋಸ ಮೋಸ ಅಂತ ಕೂಗೆಬ್ಬಿಸಿದರು. ನನಗೆ ಮಾತ್ರ ಆ ಹುಡುಗಿಯ ಬಗ್ಗೆ ಅದೇನೋ ಪ್ರೀತಿ. ನನ್ನ ತಂಗಿಯೂ ಆವತ್ತು ಎಳ್ಳಮಾವಾಸ್ಯೆಯ ಸ್ಟೇಜಿನಲ್ಲಿ ಮೈಕು ಕಿತ್ತುಕೊಂಡು “ಆಗಿದೆ, ಅಗೋ ಹನ್ನೆರಡನೇ ಸಾಲಿನಲ್ಲಿ ಫ್ಲಾಸ್ಕು ಹಿಡಿದು ಕೂತಿದ್ದಾರೆ” ಅಂದಿದ್ದರೆ!

ಕೋರ್ಟೂ ಈ ವಿಷಯದಲ್ಲಿ ಎರಡು ಮಾತಾಡಿದೆ. 2015ರ ಸೆಪ್ಟೆಂಬರಿನಲ್ಲಿ ಟೋಕಿಯೋದ ಜಿಲ್ಲಾ ನ್ಯಾಯಾಲಯ, ಕರಾರು ಮುರಿದು ಹುಡುಗನ ಜೊತೆ ಹೋದಳು ಅಂತ ಹದಿನೇಳು ವರ್ಷದ ಹುಡುಗಿಗೆ 6,50,000 ಯೆನ್ ಕಂಪನಿಗೆ ಕಟ್ಟು ಅಂತ ತೀರ್ಪು ಕೊಟ್ಟಿತು. ನಮ್ಮ ದುಡ್ಡಿನಲ್ಲಿ ಆಗ ಸುಮಾರು ಮೂರೂವರೆ ಲಕ್ಷ. ಐಡಲ್ ಬೆಂಬಲಿಗರನ್ನು ಉಳಿಸಿಕೊಳ್ಳಲು ಆ ನಿಯಮ ಬೇಕು ಅನ್ನುವ ವಾದ ಅಲ್ಲಿ ಗೆದ್ದಿತು. ನಾಲ್ಕೇ ತಿಂಗಳು, 2016ರ ಜನವರಿ. ಅದೇ ನ್ಯಾಯಾಲಯದಲ್ಲಿ ಇನ್ನೊಂದು ಕೇಸು, ಹುಡುಗಿಗೆ ಇಪ್ಪತ್ತಮೂರು. ಈ ಸಲ ನ್ಯಾಯಾಧೀಶರು, ಒಬ್ಬರನ್ನು ಪ್ರೀತಿಸುವುದು ಮನುಷ್ಯ ಸುಖವಾಗಿ ಬದುಕುವ ಹಕ್ಕಿಗೆ ಸೇರಿದ್ದು, ದಂಡದ ಭಯ ತೋರಿಸಿ ಅದನ್ನು ನಿಷೇಧಿಸುವುದು ಅತಿಯಾಯಿತು ಅಂತ ಕಂಪನಿಯ ಅರ್ಜಿ ತಳ್ಳಿಹಾಕಿದರು. ಕೊರಿಯಾದಲ್ಲಿ 2024ರಲ್ಲಿ ‘ಎಸ್ಪಾ’ ತಂಡದ ಕರೀನಾ ಒಬ್ಬ ನಟನ ಜೊತೆ ಓಡಾಡುತ್ತಿದ್ದಾಳೆ ಅಂತ ತಿಳಿದಾಗ ಅಭಿಮಾನಿಗಳು ಕಂಪನಿ ಕಚೇರಿ ಮುಂದೆ ದೊಡ್ಡ ಬೋರ್ಡಿನ ಲಾರಿ ತಂದು ನಿಲ್ಲಿಸಿದರು. ಅವಳು ಕೈಬರಹದಲ್ಲಿ ಕ್ಷಮಾಪಣೆ ಬರೆದಳು. ಕೋರ್ಟು ತೀರ್ಪು ಕೊಡಬಹುದು, ಲಾರಿ ತಂದವನನ್ನು ಏನು ಮಾಡುತ್ತೀರಿ?

ನಮ್ಮ ಗಾಂಧಿನಗರದಲ್ಲಿ ಹೀಗೆ ಬರೆದ ಕರಾರು ನಾನು ಕಂಡಿಲ್ಲ. ಬೇಕಾಗಿಯೂ ಇಲ್ಲ, ಬಸ್ ಸ್ಟ್ಯಾಂಡಿನ ತೀರ್ಪು ಸಾಕು. ಪುಟ್ಟಣ್ಣನವರು ‘ರಂಗನಾಯಕಿ’ಯಲ್ಲಿ (1981) ಇದನ್ನೇ ತಿರುಗಿಸಿ ತೋರಿಸಿದ್ದರು, ಮದುವೆಯಾದವಳು ಮತ್ತೆ ಬಣ್ಣ ಹಚ್ಚಬಾರದು ಅನ್ನುವ ಗಂಡ. ಆ ಪಾತ್ರ ಮಾಡಿದ ಆರತಿ ಮುಂದೆ ಮದುವೆಯಾಗಿ ಅಮೆರಿಕ ಸೇರಿದಾಗ ಅಂಗಡಿ ಮುಂದೆ ಅದೇ ಹಳೇ ಮಾತು ಕೇಳಿದೆ. ಲಕ್ಷ್ಮಿಯವರನ್ನು ಮಾತ್ರ ಮೆಚ್ಚಬೇಕು. ಮದುವೆ, ಮಗು ಎಲ್ಲ ಆದ ಮೇಲೆಯೇ ‘ಜೂಲಿ’ (1975), ‘ನಾ ನಿನ್ನ ಬಿಡಲಾರೆ’ (1979) ಮಾಡಿ ಈ ಲೆಕ್ಕವನ್ನೇ ಸುಳ್ಳು ಮಾಡಿದರು. ಈಗ ಕಾಲ ಸ್ವಲ್ಪ ಸಡಿಲಾಗಿದೆ. 2020ರಲ್ಲಿ ಗಂಡನನ್ನು ಕಳೆದುಕೊಂಡ ಮೇಘನಾ ರಾಜ್, ಮಗುವಿನ ತಾಯಿಯಾಗಿ, 2023ರಲ್ಲಿ ‘ತತ್ಸಮ ತದ್ಭವ’ದ ಮುಖ್ಯ ಪಾತ್ರದಲ್ಲಿ ತೆರೆಗೆ ಬಂದರು. ನಮ್ಮ ತಂಗಿಯ ಅತ್ತೆ ಇದ್ದಿದ್ದರೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಆದರೂ ಯಶ್-ರಾಧಿಕಾ ಪಂಡಿತ್ ಜೋಡಿಯನ್ನು ನೋಡಿ, ಮದುವೆ 2016ರ ಡಿಸೆಂಬರ್. ಆಮೇಲೆ ಅವರದ್ದು ಎರಡು ‘ಕೆ.ಜಿ.ಎಫ್.’, ಈಕೆಯದ್ದು 2019ರ ‘ಆದಿ ಲಕ್ಷ್ಮಿ ಪುರಾಣ’ ಒಂದು. ಆಕೆಯ ಇಷ್ಟ ಇರಬಹುದು, ನಾನು ಕೇಳಲು ಯಾರು? ಇಷ್ಟ ಯಾವಾಗಲೂ ಒಂದೇ ಕಡೆಗೆ ವಾಲುತ್ತದಲ್ಲ ಅಂತ ಮಾತ್ರ ನನ್ನ ಆಶ್ಚರ್ಯ.

ಮಿನೆಗಿಶಿ ತಂಡ ಬಿಟ್ಟದ್ದು 2021ರಲ್ಲಿ. 2022ರ ಆಗಸ್ಟಿನಲ್ಲಿ ಮದುವೆಯಾದಳು. ಮೊಮ್ಮಗಳೇ ಫೋಟೋ ತೋರಿಸಿದಳು, ತಲೆ ತುಂಬಾ ಕೂದಲು, ಮುಖ ತುಂಬಾ ನಗು. ನನಗೆ ಎಷ್ಟು ಸಮಾಧಾನ ಅಂದರೆ, ಮನೆಯ ಹುಡುಗಿಯನ್ನೇ ಧಾರೆ ಎರೆದು ಕೊಟ್ಟ ಹಾಗೆ. ಅದೇ ಗುಂಗಿನಲ್ಲಿ ಗೋಡೆಯ ಮೇಲಿನ ಕೊರಿಯಾದ ಹುಡುಗನ ಪಟ ತೋರಿಸಿ, “ಇವನಿಗೆ ಮದುವೆ ಆಯಿತಾ?” ಅಂತ ಕೇಳಿದೆ.

ಮೊಮ್ಮಗಳ ಮುಖ ಚಿಕ್ಕದಾಯಿತು. “ಆಗ್ಲಿ ಅಜ್ಜ, ಅವನ ಲೈಫು, ನಂಗೇನು. ಆದ್ರೆ ಈಗ ಬೇಡ.”

“ಮತ್ತೆ ಯಾವಾಗ?”

ಬೆರಳು ಮಡಿಸಿ ಲೆಕ್ಕ ಹಾಕಿದಳು. “ನಂದು ಡಿಗ್ರಿ ಮುಗೀಲಿ.”